ಪುಕ್ಕಟೆ ಪ್ರಚಾರದ ಬಿಲ್ ಯಾರ ಹೆಸರಿಗೆ?

ಪ್ರಿಯ ಓದುಗರೇ,

ನಿಮ್ಮ ಕಾಗದ ಎರಡು ಸಲ ಓದಿದೆ. ಮೊದಲ ಸಲ ನಿಮ್ಮ ಮೇಲೆ ಸಿಟ್ಟು ಬಂತು. ಎರಡನೇ ಸಲ ಅದರಲ್ಲಿ ಅರ್ಧ ನನ್ನ ಮೇಲೇ ತಿರುಗಿತು.

ಉಳಿದವರಿಗೂ ವಿಷಯ ಗೊತ್ತಾಗಲಿ ಅಂತ ನಿಮ್ಮ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. ತಾರೆಯರ ಹಗರಣದ ಗದ್ದಲದಲ್ಲಿ ಸಣ್ಣ ಬಜೆಟ್‌ನ ಸಿನಿಮಾಗಳು ನಲುಗುತ್ತಿವೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಅದಕ್ಕೆ ನೀವು ಕೇಳಿದ್ದೀರಿ: "ಪೋಸ್ಟರ್ ಅಂಟಿಸೋಕೂ ದುಡ್ಡಿಲ್ಲದವರಿಗೆ ಹಗರಣ ಅಂದ್ರೆ ಪುಕ್ಕಟೆ ಪ್ರಚಾರ. ಅವರು ಖುಷಿ ಪಡಬೇಕು. ನೀವ್ಯಾಕೆ ಅಳ್ತೀರಿ?" ಕೊನೆಗೆ ಇನ್ನೊಂದು ಸಾಲು: "ಅದೇ ಗದ್ದಲದ ಫೋಟೋ ನಿಮ್ಮ ಮುಖಪುಟದಲ್ಲೂ ಇತ್ತಲ್ವಾ?"

ಇತ್ತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಪುಕ್ಕಟೆಯ ಲೆಕ್ಕ ನೋಡೋಣ.

ನಿಮ್ಮ ವಾದ ನಿಜವೋ ಅಂತ ಪರೀಕ್ಷೆ ಮಾಡೋದಕ್ಕೇ ತೆಗೆದ ಹಾಗೆ ಒಂದು ಸಿನಿಮಾ ಇದೆ. 'ದಿ ಕ್ಯಾನ್ಯನ್ಸ್', 2013ರದು. ನಿರ್ದೇಶಕ ಪಾಲ್ ಶ್ರೇಡರ್. 'ಟ್ಯಾಕ್ಸಿ ಡ್ರೈವರ್'ನ ಚಿತ್ರಕಥೆ ಬರೆದವರು, ಹೊಸಬರೇನಲ್ಲ. ಬಜೆಟ್ ಮಾತ್ರ ಬರೀ ಎರಡೂವರೆ ಲಕ್ಷ ಡಾಲರ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ, ಒಂದೂವರೆ ಲಕ್ಷದ ಮೇಲೆ, ಕಿಕ್‌ಸ್ಟಾರ್ಟರ್ ಅನ್ನೋ ವೆಬ್‌ಸೈಟ್‌ನಲ್ಲಿ ಜನರಿಂದ ಎತ್ತಿದ್ದು. ನಾಯಕಿ ಲಿಂಡ್ಸೆ ಲೋಹಾನ್. ಅವರು ಕೋರ್ಟಿಗೆ ಹೋದರೂ ಸುದ್ದಿ, ಕಾಫಿ ಕುಡಿಯೋಕೆ ಹೋದರೂ ಸುದ್ದಿ ಅನ್ನೋ ಕಾಲ ಅದು. ದಿನಕ್ಕೆ 100 ಡಾಲರ್ ಸಂಬಳಕ್ಕೆ ಒಪ್ಪಿಕೊಂಡರು. ಚೌಕಾಸಿಯಲ್ಲಿ ದೊಡ್ಡ ಹೆಸರು ಸಿಕ್ಕಿತು ಅನ್ನಬಹುದು.

ಪ್ರಚಾರ ಬಂತಾ? ಬೇಕಾದಷ್ಟು. ಸಿನಿಮಾ ಬರೋದಕ್ಕೆ ಏಳು ತಿಂಗಳು ಮುಂಚೆ, 2013ರ ಜನವರಿಯಲ್ಲಿ, ನ್ಯೂಯಾರ್ಕ್ ಟೈಮ್ಸ್‌ನ ಭಾನುವಾರದ ಮ್ಯಾಗಜೀನ್ ಶೂಟಿಂಗ್‌ನ ಒಳಗಿನ ಕಥೆಯನ್ನು ಪುಟಗಟ್ಟಲೆ ಬರೆಯಿತು. ಎರಡೂವರೆ ಲಕ್ಷದ ಸಿನಿಮಾಕ್ಕೆ ಅಂಥ ಜಾಗ ದುಡ್ಡು ಕೊಟ್ಟರೂ ಸಿಗಲ್ಲ. ಲೇಖನ ಚೆನ್ನಾಗಿಯೂ ಇತ್ತು, ನಾನೇ ಒಂದೇ ಉಸಿರಿಗೆ ಓದಿ ಮುಗಿಸಿದೆ. ತೊಂದರೆ ಅಲ್ಲೇ ಇರೋದು. ನಾಯಕಿ ಯಾವತ್ತು ಸೆಟ್ಟಿಗೆ ಬರಲಿಲ್ಲ, ಯಾರ ಜೊತೆ ಜಗಳ ಆಯಿತು ಅನ್ನೋದೆಲ್ಲ ಓದಿ ಆದ ಮೇಲೆ ಸಿನಿಮಾ ನೋಡಬೇಕು ಅನ್ನಿಸಲೇ ಇಲ್ಲ. ನೋಡಿದ ಹಾಗೇ ಆಗಿಬಿಟ್ಟಿತ್ತು. ಆಗಸ್ಟ್‌ನಲ್ಲಿ ತೆರೆಗೆ ಬಂದಾಗ ಅಮೆರಿಕದ ಥಿಯೇಟರ್‌ಗಳಲ್ಲಿ ಒಟ್ಟು ಗಳಿಕೆ 60 ಸಾವಿರ ಡಾಲರ್ ದಾಟಲಿಲ್ಲ. ಜೊತೆಜೊತೆಗೇ ಮನೆಯಲ್ಲಿ ಬಾಡಿಗೆಗೆ ನೋಡುವ ವ್ಯವಸ್ಥೆಯೂ ಇತ್ತು, ಹಾಗಾಗಿ ಥಿಯೇಟರ್ ಲೆಕ್ಕ ಒಂದೇ ಪೂರ್ತಿ ಲೆಕ್ಕ ಅಲ್ಲ. ಅದನ್ನು ಒಪ್ಪಿಕೊಂಡೇ ಕೇಳುತ್ತೇನೆ, ಆ ಸಿನಿಮಾದ ಛಾಯಾಗ್ರಾಹಕ ಯಾರು ಹೇಳಿ? ಸಂಕಲನ ಯಾರದು? ಗದ್ದಲ ನೆನಪಿದೆ. ಸಿನಿಮಾ?

ಇದು ಚಿತ್ರೀಕರಣ ಆದ ಮೇಲಿನ ಮಾತು. ಕ್ಯಾಮೆರಾ ಆನ್ ಆಗೋದಕ್ಕೆ ಮುಂಚೆಯೇ ಬೀಳುವ ಏಟು ಇದಕ್ಕಿಂತ ದೊಡ್ಡದು. ಅದರ ಬಗ್ಗೆ ಯಾರೂ ಜಾಸ್ತಿ ಬರೆಯಲ್ಲ, ಯಾಕಂದ್ರೆ ಅಲ್ಲಿ ಫೋಟೋ ತೆಗೆಯುವಂಥದ್ದೇನೂ ಇರಲ್ಲ. ವಿಮೆ ಕಂಪನಿಯ ಟೇಬಲ್ ಅದು.

ಸಾಲ ತಂದು ಸಿನಿಮಾ ಮಾಡುವವರಿಗೆ ಸಾಲ ಕೊಡುವವರು ಮೊದಲು ಕೇಳುವ ಪ್ರಶ್ನೆ, ಸಿನಿಮಾ ಮುಗಿಯುತ್ತೆ ಅನ್ನೋದಕ್ಕೆ ಗ್ಯಾರಂಟಿ ಯಾರದು? ಹಾಲಿವುಡ್‌ನಲ್ಲಿ ಅದಕ್ಕೇ ಅಂತ ಕಂಪನಿಗಳಿವೆ. ಕಂಪ್ಲೀಷನ್ ಬಾಂಡ್ ಅಂತಾರೆ. ಚಿತ್ರ ಅರ್ಧಕ್ಕೆ ನಿಂತರೆ ಮುಗಿಸಿಕೊಡುವ ಹೊಣೆ, ಇಲ್ಲವೇ ಸಾಲ ತೀರಿಸುವ ಹೊಣೆ ಅವರದು. ಮುಖ್ಯ ನಟರ ಹೆಸರಲ್ಲಿ ಬೇರೆ ವಿಮೆ. ಆ ಹೆಸರು ದಿನಾ ಕೆಟ್ಟ ಸುದ್ದಿಯಲ್ಲಿದ್ದರೆ ವಿಮೆಯವರು ಪ್ರೀಮಿಯಂ ಏರಿಸುತ್ತಾರೆ, ಇಲ್ಲ ಅಂದ್ರೆ ಆಗಲ್ಲ ಅಂತಾರೆ. ಬಾಂಡ್ ಇಲ್ಲದಿದ್ದರೆ ಸಾಲ ಇಲ್ಲ, ಸಾಲ ಇಲ್ಲದಿದ್ದರೆ ಶೂಟಿಂಗ್ ಇಲ್ಲ.

ಮತ್ತೆ ಲೋಹಾನ್ ಉದಾಹರಣೆಯನ್ನೇ ಕೊಡುತ್ತೇನೆ, ಪಾಪ. 2010ರಲ್ಲಿ 'ಇನ್ಫರ್ನೋ' ಅನ್ನೋ ಸಣ್ಣ ಸಿನಿಮಾಕ್ಕೆ ಅವರೇ ನಾಯಕಿ ಅಂತ ಘೋಷಣೆ ಆಗಿತ್ತು. ಆ ವರ್ಷದ ಕೊನೆಗೆ ಅವರನ್ನು ಕೈಬಿಟ್ಟರು. ಅವರಿಗೆ ವಿಮೆ ಮಾಡಿಸೋದು ಸಾಧ್ಯವೇ ಆಗ್ತಿಲ್ಲ ಅಂತ ನಿರ್ದೇಶಕರು ಬಾಯಿಬಿಟ್ಟೇ ಹೇಳಿದರು. ಬೇರೆ ನಟಿಯನ್ನು ಹುಡುಕಿದರು, ಆದರೂ ಆ ಸಿನಿಮಾ ತಯಾರಾಗಲೇ ಇಲ್ಲ. ರಾಬರ್ಟ್ ಡೌನಿ ಜೂನಿಯರ್‌ಗೂ ಒಂದು ಕಾಲದಲ್ಲಿ ಇದೇ ಕಷ್ಟ. 2003ರ 'ದಿ ಸಿಂಗಿಂಗ್ ಡಿಟೆಕ್ಟಿವ್' ಆಗಿದ್ದು ಯಾಕೆ ಗೊತ್ತಾ? ಅವರ ವಿಮೆಯ ಹೊರೆಯನ್ನು ಗೆಳೆಯ ಮೆಲ್ ಗಿಬ್ಸನ್ ಹೊತ್ತುಕೊಂಡರು. ಅಂಥ ಗೆಳೆಯ ಎಷ್ಟು ಜನಕ್ಕೆ ಇರ್ತಾರೆ?

ಇನ್ನು ಸಿನಿಮಾ ಪೂರ್ತಿ ತಯಾರಾದ ಮೇಲೆ ಹಗರಣ ಸಿಡಿದರೆ? ಇಲ್ಲಿ ದೊಡ್ಡವರಿಗೂ ಸಣ್ಣವರಿಗೂ ಇರುವ ಅಂತರ ಕಣ್ಣಿಗೆ ಹೊಡೆಯುತ್ತೆ. 2017ರ ಕೊನೆಯಲ್ಲಿ ನಟ ಕೆವಿನ್ ಸ್ಪೇಸಿ ಮೇಲೆ ಲೈಂಗಿಕ ದುರ್ವರ್ತನೆಯ ಆರೋಪಗಳು ಬಂದಾಗ ನಿರ್ದೇಶಕ ರಿಡ್ಲಿ ಸ್ಕಾಟ್ ಅವರ 'ಆಲ್ ದ ಮನಿ ಇನ್ ದ ವರ್ಲ್ಡ್' ಬಿಡುಗಡೆಗೆ ಸಿದ್ಧವಾಗಿತ್ತು. ಅವರು ಸ್ಪೇಸಿಯನ್ನು ಪೂರ್ತಿ ತೆಗೆದು, ಆ ಜಾಗಕ್ಕೆ ಕ್ರಿಸ್ಟೋಫರ್ ಪ್ಲಮ್ಮರ್ ಅವರನ್ನು ಕರೆತಂದರು. ಒಂಬತ್ತು ದಿನದ ರೀಶೂಟ್, ಸುಮಾರು ಒಂದು ಕೋಟಿ ಡಾಲರ್ ಖರ್ಚು. ಡಿಸೆಂಬರ್ 25ಕ್ಕೆ ಸಿನಿಮಾ ತೆರೆಗೆ ಬಂತು. ಪ್ಲಮ್ಮರ್‌ಗೆ ಆಸ್ಕರ್ ನಾಮಿನೇಷನ್ನೂ ಸಿಕ್ಕಿತು.

ಆ ಒಂದು ರೀಶೂಟ್ ದುಡ್ಡಿನಲ್ಲಿ 40 'ಕ್ಯಾನ್ಯನ್ಸ್' ತೆಗೆಯಬಹುದಿತ್ತು.

ಅದೇ ಸ್ಪೇಸಿ ಇದ್ದ ಇನ್ನೊಂದು ಸಿನಿಮಾ 'ಬಿಲಿಯನೇರ್ ಬಾಯ್ಸ್ ಕ್ಲಬ್'. ಮೈಕ್ರೊ ಬಜೆಟ್ಟೇನೂ ಅಲ್ಲ, ಆದರೆ ರೀಶೂಟ್ ಮಾಡುವ ತಾಕತ್ತು ಅದಕ್ಕಿರಲಿಲ್ಲ. 2018ರ ಆಗಸ್ಟ್‌ನಲ್ಲಿ ಬೆರಳೆಣಿಕೆಯ ಥಿಯೇಟರ್‌ಗಳಲ್ಲಿ ಬಂತು. ಮೊದಲ ದಿನದ ಗಳಿಕೆ 126 ಡಾಲರ್. ನೂರಾ ಇಪ್ಪತ್ತಾರು, ಮುದ್ರಣ ದೋಷ ಅಲ್ಲ. ಸ್ಪೇಸಿ ಅದರ ನಾಯಕನೂ ಅಲ್ಲ. ನಾಯಕರಾಗಿದ್ದ ಹುಡುಗರು, ಸೆಟ್ ಹಾಕಿದವರು, ಎಡಿಟಿಂಗ್ ರೂಮಿನಲ್ಲಿ ಕೂತವರು, ಎಲ್ಲರ ದುಡಿಮೆಯೂ ಆ 126ರ ಒಳಗೇ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ತಪ್ಪು ಮಾಡಿದವರ ಸುದ್ದಿ ಮುಚ್ಚಿಡಿ ಅಂತ ನಾನು ಹೇಳ್ತಿಲ್ಲ. 2017ರ ನವೆಂಬರ್ 9ರಂದು ಹಾಸ್ಯನಟ ಲೂಯಿ ಸಿ.ಕೆ. ಬಗ್ಗೆ ವರದಿ ಬಂತು. ಅವರ ಲೈಂಗಿಕ ದುರ್ವರ್ತನೆಯ ಬಗ್ಗೆ ಐವರು ಮಹಿಳೆಯರು ಹೇಳಿದ್ದನ್ನು ಬರೆದಿದ್ದರು. ಮರುದಿನ ಲೂಯಿ ಅವರೇ ಅದು ನಿಜ ಅಂತ ಒಪ್ಪಿಕೊಂಡರು. ಒಂದು ವಾರದಲ್ಲಿ ಬರಬೇಕಿದ್ದ ಅವರ ಕಪ್ಪುಬಿಳುಪು ಸಿನಿಮಾವನ್ನು ವಿತರಕರು ಕೈಬಿಟ್ಟರು. ಆ ವರದಿ ಬರಲೇಬೇಕಿತ್ತು. ಅದರಿಂದ ಒಂದು ಸಿನಿಮಾ ಹೋಯಿತು ಅಂದ್ರೆ, ಹೋಗಲಿ. ವರದಿ ಬೇರೆ, ರಂಪಾಟ ಬೇರೆ. ರಂಪಾಟಕ್ಕೆ ದಿನಾ ಹೊಸ ಮೇವು ಬೇಕು. ಅದು ಸಿಗದ ದಿನ, ಆ ನಟನ ಜೊತೆ ಯಾವತ್ತೋ ಒಂದು ಸೀನ್ ಮಾಡಿದವರ ಮನೆ ಮುಂದೆ ಕ್ಯಾಮೆರಾ ನಿಲ್ಲುತ್ತೆ.

ಇದು ಹೊಸದೂ ಅಲ್ಲ. 1921ರಲ್ಲಿ ಹಾಸ್ಯನಟ ರಾಸ್ಕೋ 'ಫ್ಯಾಟಿ' ಆರ್ಬಕಲ್ ಮೇಲೆ ನಟಿಯೊಬ್ಬರ ಸಾವಿನ ಆರೋಪ ಬಂತು. ವಿಚಾರಣೆ ಮೂರು ಸಲ ನಡೆದು, 1922ರಲ್ಲಿ ಜ್ಯೂರಿ ಅವರನ್ನು ಬಿಡುಗಡೆ ಮಾಡಿದ್ದಲ್ಲದೆ ಕ್ಷಮೆಯನ್ನೂ ಬರೆದುಕೊಟ್ಟಿತು. ಅಷ್ಟರಲ್ಲಿ ಪತ್ರಿಕೆಗಳು ಅವರನ್ನು ಮುಗಿಸಿಯಾಗಿತ್ತು. ನಟರ ಕರಾರಿನಲ್ಲಿ ನಡತೆ ಕೆಟ್ಟರೆ ಕರಾರು ರದ್ದು ಅನ್ನೋ ಷರತ್ತು ಸೇರಿಸೋಕೆ ಸ್ಟುಡಿಯೊಗಳು ಶುರು ಮಾಡಿದ್ದು ಆಗಲೇ. ದೊಡ್ಡ ಸ್ಟುಡಿಯೊಗೆ ಅದು ಗುರಾಣಿ. ಸಣ್ಣ ನಿರ್ಮಾಪಕನ ಕರಾರಿನಲ್ಲೂ ಈಗ ಅದೇ ಸಾಲು ಇರುತ್ತೆ, ಆದರೆ ಕೇಸು ನಡೆಸೋಕೆ ವಕೀಲರ ಫೀಸ್ ಎಲ್ಲಿಂದ ತರ್ತಾನೆ?

ಈಗ ನಮ್ಮ ಮುಖಪುಟಕ್ಕೆ ಬರುತ್ತೇನೆ.

ಆ ವಾರ ಒಬ್ಬ ಹೊಸ ನಿರ್ದೇಶಕರು ಆಫೀಸಿಗೆ ಬಂದಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಫೋಲ್ಡರ್. ಒಳಗೆ ನಾಲ್ಕು ಸ್ಟಿಲ್, ಒಂದು ಪುಟದ ಕಥೆ, ಒಂದು ಪೆನ್‌ಡ್ರೈವ್. ಪೆನ್‌ಡ್ರೈವ್ ಮೇಲೆ ಬ್ಯಾಂಡೇಜ್ ಟೇಪ್ ಅಂಟಿಸಿ ಪೆನ್ನಿನಲ್ಲಿ 'ಫೈನಲ್' ಅಂತ ಬರೆದಿದ್ದರು. ಶುಕ್ರವಾರ ಬಿಡುಗಡೆ. ಒಂದೂವರೆ ಪುಟ ಕೊಡ್ತೀನಿ ಅಂತ ನಾನೇ ಮಾತು ಕೊಟ್ಟೆ. ಬುಧವಾರ ಸಂಜೆ ಹಗರಣ ಸಿಡಿಯಿತು. ರಾತ್ರಿ ಹತ್ತಕ್ಕೆ ಲೇಔಟ್ ಮಾಡುವ ಹುಡುಗ "ಸಾರ್, ಇದನ್ನ ಎಲ್ಲಿ ಹಾಕ್ಲಿ?" ಅಂತ ಕೇಳಿದ. ಎಂಬತ್ತು ಪದಕ್ಕೆ ಇಳಿಸು ಅಂದೆ. ಒಂದು ಸ್ಟಿಲ್, ಅದೂ ಅಂಚೆಚೀಟಿ ಗಾತ್ರದ್ದು. ಆ ಸಂಚಿಕೆ ಚೆನ್ನಾಗಿ ಮಾರಾಟವಾಯಿತು, ಸುಳ್ಳು ಹೇಳಲ್ಲ.

ಸೋಮವಾರ ಅವರು ಫೋನ್ ಮಾಡಿದರು. ಬೈತಾರೆ ಅಂದುಕೊಂಡೆ. "ಥ್ಯಾಂಕ್ಸ್ ಸಾರ್, ಹಾಕಿದ್ರಲ್ಲ" ಅಂದರು. ಆಮೇಲೆ ಮೆಲ್ಲಗೆ ಹೇಳಿದರು, ಅವರಿಗೆ ಟೀವಿಯಿಂದಲೂ ಕರೆ ಬಂದಿತ್ತಂತೆ. ಖುಷಿಯಿಂದ ಹೋದರೆ ಕೇಳಿದ ಪ್ರಶ್ನೆಗಳೆಲ್ಲ ಹಗರಣದ ನಟನ ಬಗ್ಗೆ. ಆ ನಟನನ್ನು ಇವರು ಒಮ್ಮೆಯೂ ಭೇಟಿಯಾಗಿಲ್ಲ. ಹಾಗಂತ ಹೇಳಿದ್ದಕ್ಕೆ ಮೈಕ್ ತೆಗೆದುಕೊಂಡು ಕಳಿಸಿದರಂತೆ. ನೀವು ಹೇಳುವ ಪುಕ್ಕಟೆ ಪ್ರಚಾರ ಅವರ ಪಾಲಿಗೆ ಬಂದಿದ್ದು ಅಷ್ಟು.

ಅವರ ಸಿನಿಮಾ ಥಿಯೇಟರ್‌ನಿಂದ ಹೋಗಿಯಾಯಿತು. ಆದರೂ ಈ ಸಂಚಿಕೆಯ 22ನೇ ಪುಟದಲ್ಲಿ ಆ ಲೇಖನ ಪೂರ್ತಿ ಬಂದಿದೆ, ನಾಲ್ಕೂ ಸ್ಟಿಲ್ ಸಮೇತ. ನಿಮ್ಮ ಕಾಗದವನ್ನು ಅದರ ಎದುರು ಪುಟದಲ್ಲೇ ಹಾಕಲು ಹೇಳಿದ್ದೇನೆ. ಮುಖಪುಟದ ಬಗ್ಗೆ ನೀವು ಬರೆದ ಸಾಲನ್ನು ಕತ್ತರಿಸಿಲ್ಲ.

— ಸಂಪಾದಕ