ರಗ್ಬಿ ಲೀಗ್‌ನ (13 ಆಟಗಾರರ ತಂಡದ ರಗ್ಬಿ) ಮ್ಯಾಲ್ ಮೆನಿಂಗಾ ಕೋಚ್ ಆಗಿಯೂ ಗೆದ್ದರಾ?

ಗೆದ್ದರು, ಆದರೆ ತಕ್ಷಣ ಅಲ್ಲ. ಮೊದಲು ಪೊಲೀಸ್ ಕೆಲಸದಲ್ಲಿದ್ದ ಈ ದೈತ್ಯ ಸೆಂಟರ್ ಆಟಗಾರ, ನಾಯಕನಾಗಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾ ರೈಡರ್ಸ್ ಕ್ಲಬ್‌ಗೆ 1989, 1990 ಮತ್ತು 1994ರಲ್ಲಿ ಪ್ರಶಸ್ತಿ ತಂದುಕೊಟ್ಟರು. ಆಸ್ಟ್ರೇಲಿಯಾ ತಂಡಕ್ಕೂ ನಾಯಕರಾಗಿದ್ದರು. 1994ರಲ್ಲಿ ನಿವೃತ್ತಿ.

1997ರಿಂದ 2001ರವರೆಗೆ ಅದೇ ಕ್ಲಬ್‌ಗೆ ಕೋಚ್ ಆದರು. ಒಂದೂ ಪ್ರಶಸ್ತಿ ಬರಲಿಲ್ಲ. ನಡುವೆ ರಾಜಕೀಯಕ್ಕೂ ಕಾಲಿಟ್ಟರು, ರೇಡಿಯೋ ಸಂದರ್ಶನ ಮುಗಿಯುವ ಮೊದಲೇ ಹಿಂದೆ ಸರಿದರು!

ಕ್ವೀನ್ಸ್‌ಲ್ಯಾಂಡ್ ರಾಜ್ಯ ತಂಡದ ಕೋಚ್ ಆದಾಗ ಕಥೆಯೇ ಬೇರೆ. ಇನ್ನೊಂದು ರಾಜ್ಯವಾದ ನ್ಯೂ ಸೌತ್ ವೇಲ್ಸ್ ವಿರುದ್ಧ ಪ್ರತಿವರ್ಷ ನಡೆಯುವ ಸ್ಟೇಟ್ ಆಫ್ ಒರಿಜಿನ್ ಸರಣಿಯನ್ನು 2006ರಿಂದ 2013ರವರೆಗೆ ಸತತ 8 ಬಾರಿ ಗೆದ್ದರು. ಜಾನಥನ್ ಥರ್ಸ್ಟನ್, ಕ್ಯಾಮರಾನ್ ಸ್ಮಿತ್‌ರಂಥವರು ಇದ್ದರು, ಅದು ನಿಜ. ಆದರೆ ಬೇರೆ ಬೇರೆ ಕ್ಲಬ್‌ಗಳಿಂದ ಬರುವ ಅಷ್ಟೊಂದು ಸ್ಟಾರ್‌ಗಳನ್ನು ಕೆಲವೇ ದಿನಗಳಲ್ಲಿ ಒಂದು ತಂಡವಾಗಿಸೋದು ಸುಮ್ನೆ ಅಲ್ಲ. ನನ್ನ ಪ್ರಕಾರ ಅವರ ಬಲ ತಂತ್ರಕ್ಕಿಂತ ಜಾಸ್ತಿ ಅಲ್ಲೇ ಇತ್ತು. ಆಮೇಲೆ ಆಸ್ಟ್ರೇಲಿಯಾ ಕೋಚ್ ಆಗಿ 2017 ಮತ್ತು 2022ರಲ್ಲಿ ವಿಶ್ವಕಪ್‌ಗಳನ್ನೂ ಗೆಲ್ಲಿಸಿದರು.