ಕೋವಿಯ ಸದ್ದು ಎಷ್ಟು ತಗ್ಗೀತು?

ನ್ಯೂಜಿಲೆಂಡ್‌ನಲ್ಲಿ ಜಿಂಕೆ ಬೇಟೆಗೆ ಹೋಗುವ ಕನ್ನಡಿಗರಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಅಲ್ಲಿ ಬಂದೂಕು ಲೈಸೆನ್ಸ್ ಬೇಕೇ ಬೇಕು. ಸದ್ದು ತಗ್ಗಿಸಲು ನಳಿಗೆಯ ತುದಿಗೆ ತಿರುಗಿಸಿ ಹಾಕುವ ಕೊಳವೆ, ಅಂದರೆ ಸಪ್ರೆಸರ್‌ಗೆ ಪ್ರತ್ಯೇಕ ಪರವಾನಗಿ ಬೇಡ. ಕೊನೆಯ ಪ್ರಶ್ನೆ ಮಾತ್ರ ಕೊಡಗಿನದು.

ಪ್ರಶ್ನೆ: ನನ್ನ .308 (ಗುಂಡಿನ ವ್ಯಾಸ 0.308 ಇಂಚು) ಬೋಲ್ಟ್ ಆಕ್ಷನ್ (ಪ್ರತಿ ಈಡಿಗೂ ಹಿಂದಿನ ಬೋಲ್ಟನ್ನು ಕೈಯಲ್ಲಿ ಎಳೆಯುವ) ರೈಫಲ್‌ಗೆ ಸಪ್ರೆಸರ್ ಹಾಕಿದ್ದೇನೆ. ಆದರೂ ಈಡು ಹೊಡೆದರೆ ಚಟೀರೆಂದು ಸದ್ದು ಬರುತ್ತದೆ. ಮೋಸಹೋದೆನೆ?

ಇಲ್ಲ. ನಿಮ್ಮ ಕಿವಿಗೆ ಬೀಳುತ್ತಿರುವುದು ಎರಡು ಸದ್ದು. ಒಂದು, ನಳಿಗೆಯ ಬಾಯಿಂದ ನುಗ್ಗುವ ಬಿಸಿ ಅನಿಲದ್ದು. ಸಪ್ರೆಸರ್ ಒಳಗೆ ಸಾಲಾಗಿರುವ ಬ್ಯಾಫಲ್ ಬಿಲ್ಲೆಗಳು ಆ ಅನಿಲವನ್ನು ತಡೆದು, ಹರಡಿ, ತಣಿಸಿ ಮೆಲ್ಲಗೆ ಹೊರಬಿಡುತ್ತವೆ. ಇನ್ನೊಂದು ಗುಂಡಿನದೇ ಸದ್ದು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, .308 ಗುಂಡಿನದು 800ರ ಆಸುಪಾಸು. ಶಬ್ದವನ್ನು ಮೀರಿ ಓಡುವ ಗುಂಡು ದಾರಿಯುದ್ದಕ್ಕೂ ಚಾಟಿ ಬೀಸಿದಂತೆ ಸಿಡಿಯುತ್ತದೆ. ನಳಿಗೆಯ ತುದಿಯಲ್ಲಿ ಏನು ಕಟ್ಟಿದರೂ ಅದು ನಿಲ್ಲದು. ಈ ಸದ್ದು ಹುಟ್ಟುವುದು ಗುಂಡಿನ ದಾರಿಯಲ್ಲಾದ್ದರಿಂದ, ಹೊಡೆದವನು ಎಲ್ಲಿದ್ದಾನೆಂದು ಜಿಂಕೆಗೆ ಬೇಗ ಗೊತ್ತಾಗುವುದಿಲ್ಲ. ಬೇಟೆಗಾರನಿಗೆ ಅದೂ ಒಂದು ಲಾಭ.

ಬರಿಯ ನಳಿಗೆಯಲ್ಲಿ .308ರ ಸದ್ದು ಸುಮಾರು 165 ಡೆಸಿಬೆಲ್. ಒಳ್ಳೆಯ ಸಪ್ರೆಸರ್ ಅದನ್ನು 25ರಿಂದ 30ರಷ್ಟು ಇಳಿಸುತ್ತದೆ. ಹಠಾತ್ ಸದ್ದಿಗೆ ಕಿವಿಯ ಗಡಿ 140 ಎಂದು ಲೆಕ್ಕ. ಅಂದರೆ ಗಡಿಯ ಹೊಸಿಲಿಗೆ ಬಂದಿರಿ, ಅಷ್ಟೆ. ಕಾಡಿನಲ್ಲಿ ಒಂದೆರಡು ಈಡಿಗೆ ಇದು ದೊಡ್ಡ ರಕ್ಷಣೆಯೇ. ಅಭ್ಯಾಸದ ಮೈದಾನದಲ್ಲಿ 20 ಈಡು ಹೊಡೆಯುವಾಗ ಇಯರ್‌ಮಫ್ ತೆಗೆಯಬೇಡಿ. ದಿನದ ಮೊದಲ ಈಡು ಉಳಿದವಕ್ಕಿಂತ ಜೋರಾಗಿದ್ದರೆ ಗಾಬರಿ ಬೇಡ: ಸಪ್ರೆಸರ್ ಒಳಗಿದ್ದ ಗಾಳಿಯ ಆಮ್ಲಜನಕದಲ್ಲಿ, ಉರಿಯದೆ ಉಳಿದ ಅನಿಲವೂ ಉರಿದುಬಿಡುತ್ತದೆ.

ಪ್ರಶ್ನೆ: ಕೊಳ್ಳುವ ಮುನ್ನ ಏನೇನು ನೋಡಬೇಕು? ಗೆಳೆಯರೊಬ್ಬರ ಸಪ್ರೆಸರ್ ಮೊದಲ ದಿನವೇ ತೂತಾಯಿತು.

ಗುಂಡು ಬ್ಯಾಫಲ್‌ಗೆ ತಗುಲಿದೆ. ಹೆಚ್ಚಿನ ಸಲ ತಪ್ಪು ಸಪ್ರೆಸರ್‌ನದಲ್ಲ, ನಳಿಗೆಯ ತುದಿಯಲ್ಲಿ ಕೊರೆದ ತಿರುಪಿನ ಎಳೆಯದು (ಥ್ರೆಡ್). ಥ್ರೆಡ್ ಕೊರೆಯುವಾಗ ನಳಿಗೆಯ ಹೊರಮೈಯನ್ನು ಅಳತೆಗೆ ಹಿಡಿದರೆ ಕೆಟ್ಟಿತು. ಗುಂಡು ಹಾಯುವ ಒಳಗಿನ ಕೊಳವೆ ಹೊರಮೈಗೆ ಸರಿಯಾಗಿ ನಡುವೆ ಇರುತ್ತದೆಂದು ನಂಬುವಂತಿಲ್ಲ. ಒಳಗೊಳವೆಯನ್ನೇ ಕೇಂದ್ರವಾಗಿಟ್ಟು ಲೇತ್‌ನಲ್ಲಿ ಕೊರೆಯಬೇಕು. ಥ್ರೆಡ್ ಮುಗಿಯುವ ಕಡೆಯ ಭುಜ (ಮೆಟ್ಟಿಲಿನಂಥ ಅಂಚು) ಕೊಳವೆಗೆ ನೇರ ಅಡ್ಡಲಾಗಿರಬೇಕು, ಏಕೆಂದರೆ ಸಪ್ರೆಸರ್ ನೆಟ್ಟಗೆ ಕೂರುವುದು ಆ ಭುಜದ ಮೇಲೆ. ನಡುವೆ ವಾಷರ್ ಸೇರಿಸಿ ಹೊಂದಿಸುವವರಿದ್ದಾರೆ, ದಯವಿಟ್ಟು ಬೇಡ. ಬೋಲ್ಟ್ ತೆಗೆದು, ಕೊಳವೆಯ ಅಳತೆಯ ನೇರ ಸರಳನ್ನು ಹಿಂದಿನಿಂದ ತೂರಿಸಿ ನೋಡಿ. ಸಪ್ರೆಸರ್‌ನ ಮುಂದಿನ ತೂತಿನಲ್ಲಿ ಸರಳಿನ ಸುತ್ತ ಸಂದು ಎಲ್ಲ ಕಡೆ ಸಮನಾಗಿ ಕಾಣಬೇಕು. ಒಂದು ಕಡೆಗೆ ವಾಲಿದ್ದರೆ ಈಡು ಹೊಡೆಯಬೇಡಿ, ಕೊರೆದವರ ಬಳಿಗೆ ವಾಪಸ್ ಒಯ್ಯಿರಿ.

ಥ್ರೆಡ್ ಅಳತೆಯಲ್ಲೂ ಎಚ್ಚರ. ಎಂ14×1 (14 ಮಿ.ಮೀ. ವ್ಯಾಸ, ಎಳೆಗಳ ನಡುವೆ 1 ಮಿ.ಮೀ.), ಎಂ15×1, ಅರ್ಧ ಇಂಚು ವ್ಯಾಸಕ್ಕೆ ಇಂಚಿಗೆ 28 ಎಳೆ, 5/8 ಇಂಚು ವ್ಯಾಸಕ್ಕೆ ಇಂಚಿಗೆ 24 ಎಳೆ, ಎಲ್ಲವೂ ಚಾಲ್ತಿಯಲ್ಲಿವೆ. ಒಂದೆರಡು ಸುತ್ತು ಹಿಡಿಯಿತೆಂದು ಬಲವಂತವಾಗಿ ತಿರುಗಿಸಬೇಡಿ. ಸಪ್ರೆಸರ್ ಮೇಲೆ ತಯಾರಕರು ಬರೆದಿರುವ ಅತಿ ದೊಡ್ಡ ಕ್ಯಾಲಿಬರ್ (ಗುಂಡಿನ ಗಾತ್ರ), ನಳಿಗೆಯ ಕನಿಷ್ಠ ಉದ್ದ ಎರಡನ್ನೂ ಓದಿ. ಗಿಡ್ಡ ನಳಿಗೆ, ಹೆಚ್ಚು ಮದ್ದಿನ ಮ್ಯಾಗ್ನಂ ತೋಟೆ, ಹಗುರ ಅಲ್ಯೂಮಿನಿಯಂ ಸಪ್ರೆಸರ್ ಈ ಮೂರೂ ಸೇರಿದರೆ ಒಳಗಿನ ಮೊದಲ ಬಿಲ್ಲೆ ಬೇಗ ಸವೆಯುತ್ತದೆ. ಉದ್ದನೆಯ ನಳಿಗೆಗೆ ಇನ್ನೊಂದು ಗೇಣು ಕೊಳವೆ ಸೇರಿದರೆ ಪೊದೆಯಲ್ಲಿ ನಡೆಯುವುದೇ ಕಷ್ಟ. ಅದಕ್ಕೇ ಅಲ್ಲಿನವರು 18ರಿಂದ 20 ಇಂಚಿಗೆ ನಳಿಗೆ ಕತ್ತರಿಸಿಕೊಳ್ಳುತ್ತಾರೆ. ಪ್ರತಿ ಇಂಚಿಗೆ ಸೆಕೆಂಡಿಗೆ 7–8 ಮೀಟರ್ ವೇಗ ಹೋಗುತ್ತದೆ. 200 ಮೀಟರ್‌ನೊಳಗಿನ ಬೇಟೆಗೆ ಅದು ನಷ್ಟವೇ ಅಲ್ಲ.

ಪ್ರಶ್ನೆ: ಸಪ್ರೆಸರ್ ಹಾಕಿದ ಮೇಲೆ ಗುಂಡು ಬೇರೆ ಕಡೆ ಬೀಳುತ್ತಿದೆ.

ಬೀಳಲೇಬೇಕು. ನಳಿಗೆಯ ತುದಿಗೆ 300–500 ಗ್ರಾಂ ತೂಗಿಬಿದ್ದರೆ ಅದು ಕಂಪಿಸುವ ಬಗೆಯೇ ಬದಲು. 100 ಮೀಟರ್‌ನಲ್ಲಿ ಕೆಲವು ಸೆಂಟಿಮೀಟರ್ ಸರಿಯುವುದು ಸಾಮಾನ್ಯ. ಸಪ್ರೆಸರ್ ಹಾಕಿಯೇ ಸ್ಕೋಪ್‌ನ ಗುರಿ ಹೊಂದಿಸಿ: ಮೂರು ಈಡು, ನಳಿಗೆ ತಣಿಯುವವರೆಗೆ ಬಿಡುವು, ಮತ್ತೆ ಮೂರು. ಬಿಚ್ಚಿ, ಮರಳಿ ಹಾಕಿ, ಇನ್ನೂ ಮೂರು ಹೊಡೆಯಿರಿ. ಅದೇ ಜಾಗಕ್ಕೆ ಬಿದ್ದರೆ ನೆಮ್ಮದಿ. ಪ್ರತಿ ಸಲ ಬೇರೆಡೆ ಬಿದ್ದರೆ ಥ್ರೆಡ್ ಸಡಿಲ ಅಥವಾ ಭುಜ ವಕ್ರ. ಗುಂಡುಗಳು ಒಂದೇ ಸಾಲಿನಲ್ಲಿ ಮೇಲಕ್ಕೆ ಏರುತ್ತ ಹೋದರೆ ಸಪ್ರೆಸರ್ ಮೆಲ್ಲಗೆ ಬಿಚ್ಚಿಕೊಳ್ಳುತ್ತಿರಬಹುದು. ಕೈಯಲ್ಲಿ ಬಿಗಿದು ನೋಡಿ. ಮುಟ್ಟುವ ಮುನ್ನ ತೋಟೆ ತೆಗೆಯಿರಿ, ಬಟ್ಟೆ ಹಿಡಿಯಿರಿ. ಹತ್ತು ಈಡಿನ ನಂತರ ಅದು ಒಲೆಯ ಮೇಲಿನ ಕಾವಲಿಯಂತೆ ಕಾದಿರುತ್ತದೆ.

ಪ್ರಶ್ನೆ: ಸಪ್ರೆಸರ್ ನಳಿಗೆಗೆ ಕಚ್ಚಿಕೊಂಡು ಬಿಚ್ಚಲು ಬರುತ್ತಿಲ್ಲ.

ಬೇಟೆಯಿಂದ ಬಂದು ಹಾಗೇ ಕಪಾಟಿನಲ್ಲಿಟ್ಟಿರಿ, ಅಲ್ಲವೆ? ಮದ್ದು ಉರಿದಾಗ ನೀರಾವಿಯೂ ಹುಟ್ಟುತ್ತದೆ. ಆ ತೇವ, ಮಸಿ, ಉಕ್ಕಿನ ನಳಿಗೆ, ಅಲ್ಯೂಮಿನಿಯಂ ಸೇರಿದರೆ ಥ್ರೆಡ್ ತುಕ್ಕು ಹಿಡಿದು ಬೆಸೆದಂತಾಗುತ್ತದೆ. ತೋಟೆ ಇಲ್ಲವೆಂದು ಎರಡು ಸಲ ನೋಡಿ, ಥ್ರೆಡ್ ಸಂದಿಗೆ ಪೆನೆಟ್ರೇಟಿಂಗ್ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಆಮೇಲೂ ಬಾರದಿದ್ದರೆ ಪೈಪ್ ರೆಂಚ್ ಹಾಕಬೇಡಿ, ಕೊಳವೆ ನಗ್ಗುತ್ತದೆ. ಬಂದೂಕು ರಿಪೇರಿಯವರ ಕೈಗೆ ಕೊಡಿ. ಮುಂದೆ ಮನೆಗೆ ಬಂದ ಕೂಡಲೇ ಬಿಚ್ಚಿ, ತುದಿ ಕೆಳಗೆ ಮಾಡಿ ಬೆಚ್ಚಗಿನ ಜಾಗದಲ್ಲಿ ಒಣಗಿಸಿ. ಥ್ರೆಡ್‌ಗೆ ಬೆರಳ ತುದಿಯಷ್ಟು ಆ್ಯಂಟಿಸೀಜ್ (ಕಚ್ಚಿಕೊಳ್ಳದಂತೆ ತಡೆಯುವ) ಗ್ರೀಸ್ ಸಾಕು. ತೊಳೆಯಲು ಅಡಿಗೆಮನೆಯ ಕ್ಷಾರದ ಕ್ಲೀನರ್ ಬೇಡ, ಅದು ಅಲ್ಯೂಮಿನಿಯಂ ತಿನ್ನುತ್ತದೆ.

ಪ್ರಶ್ನೆ: ಮಡಿಕೇರಿಯ ಕಡೆ ನಮ್ಮ ಮನೆಯ ಕೋವಿಗೆ ಹಾಕಬಹುದೆ? ತೋಟಕ್ಕೆ ಹಂದಿ ಬರುತ್ತದೆ.

ಹಾಕುವಂತಿಲ್ಲ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ ಕೋವಿಗೆ, ಸದ್ದಡಗಿಸುವ ಸಾಧನಕ್ಕಲ್ಲ. ಹಂದಿ ಹೊಡೆಯಲಿಕ್ಕೂ ಕೋವಿ ಇದ್ದ ಮಾತ್ರಕ್ಕೆ ಹಕ್ಕಿಲ್ಲ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಧಿಕಾರಿಯ ಲಿಖಿತ ಆದೇಶ ಬೇಕು. ಬೆಳೆ ಹಾಳಾದ ಫೋಟೊ, ಪಹಣಿ ಪ್ರತಿ ಹಿಡಿದು ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಡಿ.