ಗಟ್ಟಿಮರದ ನೆಲಹಾಸು ಎಷ್ಟು ಗಟ್ಟಿ ಎಂದು ಹೇಗೆ ಪರೀಕ್ಷಿಸುತ್ತಾರೆ?

ಮರದೊಳಕ್ಕೆ ಉಕ್ಕಿನ ಗುಂಡೊಂದನ್ನು ಒತ್ತಿ, ಅದಕ್ಕೆ ಎಷ್ಟು ಬಲ ಬೇಕಾಯಿತು ಎಂದು ಅಳೆಯುತ್ತಾರೆ. ಇದಕ್ಕೆ ಜಂಕಾ ಪರೀಕ್ಷೆ ಎನ್ನುತ್ತಾರೆ. ಗುಂಡಿನ ವ್ಯಾಸ 11.28 ಮಿ.ಮೀ.; ಅದು ಸರಿಯಾಗಿ ಅರ್ಧದವರೆಗೆ ಹೂತುಕೊಳ್ಳಬೇಕು. ಅಳತೆ ವಿಚಿತ್ರ ಅನ್ನಿಸಬಹುದು, ಆದರೆ ಅರ್ಧ ಇಳಿದಾಗ ಗುಳಿಯ ಬಾಯಿ ಹೆಚ್ಚುಕಡಿಮೆ ಒಂದು ಚದರ ಸೆಂಟಿಮೀಟರ್ ಆಗುತ್ತದೆ. ರೆಡ್ ಓಕ್‌ಗೆ ಸುಮಾರು 1290 ಪೌಂಡ್ ಬಲ ಬೇಕು, ಹಾರ್ಡ್ ಮೇಪಲ್‌ಗೆ 1450.

ಮರವೆಂದರೆ ಸೂಕ್ಷ್ಮ ಕೊಳವೆಗಳ ಕಟ್ಟು. ಗುಂಡು ಒತ್ತಿದಾಗ ಆ ಕೊಳವೆಗಳ ಗೋಡೆ ಕುಸಿಯುತ್ತದೆ. ಗೋಡೆ ದಪ್ಪಗಿದ್ದು ಒಳಗಿನ ಟೊಳ್ಳು ಕಿರಿದಾಗಿದ್ದಷ್ಟೂ ಮರ ಹೆಚ್ಚು ತಡೆಯುತ್ತದೆ. ಕುರ್ಚಿಯ ಕಾಲು, ಎತ್ತರದ ಹಿಮ್ಮಡಿಯ ಚಪ್ಪಲಿ ಮಾಡುವುದೂ ಇದೇ ಕೆಲಸವನ್ನು. ಒದ್ದೆ ಮರದ ಗೋಡೆಗಳು ಮೆತ್ತಗಾಗುತ್ತವೆ; ಆದ್ದರಿಂದ ತೇವಾಂಶವನ್ನು ಶೇ. 12ರ ಹತ್ತಿರ ತಂದೇ ಪರೀಕ್ಷಿಸುತ್ತಾರೆ. ಹಸಿಮರದ ಅಂಕಿಯನ್ನು ಒಣಮರದ್ದಕ್ಕೆ ಹೋಲಿಸಬೇಡಿ.

ಬಹಳ ಜನ ಎಡವುವುದು ಇಲ್ಲಿ: ಈ ಅಂಕಿ ತಗ್ಗು ಬೀಳುವುದರ ಬಗ್ಗೆ ಮಾತ್ರ ಹೇಳುತ್ತದೆ, ಗೀರಿನ ಬಗ್ಗೆ ಅಲ್ಲ. ಮರಳಿನ ಕಣ ಮೊದಲು ಗೀರುವುದು ಮೇಲಿನ ಪಾಲಿಶ್ ಪದರವನ್ನು. ಅದರ ಬಾಳಿಕೆಗೆ ಟೇಬರ್ ಪರೀಕ್ಷೆ ಬೇರೆಯೇ ಇದೆ: ತಿರುಗುವ ಮಾದರಿಯ ಮೇಲೆ ಉಜ್ಜುಚಕ್ರಗಳನ್ನು ಓಡಿಸಿ, ಎಷ್ಟು ಸುತ್ತಿಗೆ ಎಷ್ಟು ಸವೆಯಿತು ಎಂದು ನೋಡುತ್ತಾರೆ.

ಮನೆಯಲ್ಲೇ ಹೋಲಿಸಬೇಕೆಂದರೆ, ಎರಡು ಮಾದರಿ ತುಂಡುಗಳನ್ನು ಕಾಂಕ್ರೀಟ್ ಮೇಲಿಟ್ಟು, ಒಂದೇ ಉಕ್ಕಿನ ಗುಂಡನ್ನು 1 ಮೀಟರ್ ಎತ್ತರದಿಂದ ಬಿಡಿ. ಗುಳಿಯ ಅಗಲವನ್ನು ಅಳೆಯಿರಿ. ತುಂಡಿನ ಅಡಿಯಲ್ಲಿ ಸಂದಿಯಿದ್ದರೆ ಹಲಗೆ ಬಾಗಿ ಪೆಟ್ಟು ನುಂಗುತ್ತದೆ, ಗುಳಿ ಸುಳ್ಳೇ ಚಿಕ್ಕದಾಗಿ ಕಾಣುತ್ತದೆ.